ಒಂದೇ ಕಣ್ಣಿನ ರೆಪ್ಪೆಯ ಮೇಲೊಂದು ನೀರುಗುಳ್ಳೆ

2023ರ ಬೇಸಿಗೆ. ನಾನಾಗ ದೇವನಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನೇತ್ರತಜ್ಞೆ. ನಿವೃತ್ತಿ ಹತ್ತಿರ ಬಂದಿತ್ತು. ದೊಡ್ಡಬಳ್ಳಾಪುರದ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬಂದು ಕೂತರೆ ಮಧ್ಯಾಹ್ನದವರೆಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಎದುರಿಗೆ ಎಲ್ಲರೂ ನನ್ನನ್ನು ‘ಕಣ್ಣು ಡಾಕ್ಟ್ರಮ್ಮ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಬಯ್ಯೋ ಡಾಕ್ಟ್ರಮ್ಮ’. ಎರಡನೆಯದೇನೂ ಸುಳ್ಳಲ್ಲ. ಪೊರೆ ಹಣ್ಣಾಗಿ ಕಲ್ಲಾಗುವವರೆಗೂ ಮನೆಯಲ್ಲಿ ಕೂತು, ಆಮೇಲೆ ‘ಏನಾರ ಮಾಡಿ ತಾಯಿ’ ಅಂತ ಬರುವವರನ್ನು ಕಂಡರೆ ನನಗೆ ಸಿಟ್ಟು ತಡೆಯುತ್ತಿರಲಿಲ್ಲ. ಬೈದು, ಆಪರೇಷನ್ ಮಾಡಿ, ಮತ್ತೆ ಬೈದು ಕಳಿಸುತ್ತಿದ್ದೆ.

ಅಷ್ಟು ವರ್ಷದ ಕೆಲಸದಲ್ಲಿ ನಿಮ್ಮನ್ನು ಹೆಚ್ಚು ಹೆದರಿಸಿದ ಕೇಸ್ ಯಾವುದು ಎಂದು ಈಗ ಯಾರಾದರೂ ಕೇಳುತ್ತಾರೆ. ಹರಿದ ಕಣ್ಣು, ಸಿಡಿದ ಪಟಾಕಿ, ಅಪಘಾತ ಇಂಥದ್ದೇನೋ ಹೇಳುತ್ತೇನೆ ಅಂದುಕೊಂಡಿರುತ್ತಾರೆ. ನನ್ನನ್ನು ನಡುಗಿಸಿದ್ದು ಬೆಂದ ಸಬ್ಬಕ್ಕಿ ಕಾಳಿನಷ್ಟು ದೊಡ್ಡದಾದ ಒಂದು ನೀರುಗುಳ್ಳೆ. ಯಾರಿಗೂ ಪ್ರಾಣಾಪಾಯ ತರದ, ವೈದ್ಯಕೀಯ ಪುಸ್ತಕದಲ್ಲಿ ಅರ್ಧ ಪುಟವೂ ಸಿಗದ ಒಂದು ಗುಳ್ಳೆ.

ಶಿವರಾತ್ರಿ ಕಳೆದಿತ್ತು, ಬಿಸಿಲು ಏರುತ್ತಿತ್ತು. ಒಂದು ದಿನ ಮುನಿರತ್ನಮ್ಮ ಎಂಬ ಹೆಂಗಸು ಮಗಳ ಜೊತೆ ಬಂದಳು. ನಲವತ್ತು ದಾಟಿದ ವಯಸ್ಸು. ನಮ್ಮ ತಾಲ್ಲೂಕಿನದೇ ಆದ ವಿಜಯಪುರದ ಕಡೆಯ ಒಂದು ಹಳ್ಳಿಯವಳು. ಸ್ಟೂಲಿನ ತುದಿಯಲ್ಲಿ ಕೂತು ಸೆರಗಿನಿಂದ ಬಲಗಣ್ಣು ಮುಚ್ಚಿಕೊಂಡಿದ್ದಳು. ಎಡಗಣ್ಣು ಮುಚ್ಚುವ ಅಗತ್ಯವೇ ಇರಲಿಲ್ಲ. ಅದು ಚಿಕ್ಕಂದಿನಲ್ಲೇ ಹೋಗಿ, ಬತ್ತಿ, ಬಿಳಿಯ ಗೋಲಿಯಾಗಿ ಒಳಸೇರಿತ್ತು.

“ರೆಪ್ಪೆ ಮೇಲೆ ಕಾಳು ಎದ್ದೈತೆ ಮೇಡಂ. ಸಂಜೆ ಆದ್ರೆ ದಪ್ಪ ಆಗ್ತದೆ. ಚಳಿಗಾಲ್ದಾಗೆ ಇಂಗೋಗಿತ್ತು, ಈಗ ಮತ್ತೆ ಬಂದೈತೆ,” ಎಂದಳು.

“ಏನು ಕೆಲಸ ನಿಂದು?”

“ಫಿಲೇಚರ್‌ನಾಗೆ, ಬೇಸಿನ್ ಮುಂದೆ.”

ನನಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಫಿಲೇಚರ್ ಎಂದರೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಘಟಕ. ಬಿಸಿನೀರಿನ ಬೇಸಿನ್‌ನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಹೆಂಗಸರು ಅದರ ಮೇಲೆ ಬಗ್ಗಿ, ಕಣ್ಣಿಗೆ ಕಂಡೂ ಕಾಣದಂಥ ಎಳೆಯ ತುದಿ ಹುಡುಕಿ ಹಿಡಿಯಬೇಕು. ದಿನವಿಡೀ ಮುಖಕ್ಕೆ ಹಬೆ ಹೊಡೆಯುತ್ತಿರುತ್ತದೆ. ನಮ್ಮ ರೆಪ್ಪೆಯಲ್ಲಿ ಬೆವರಿನ ಗ್ರಂಥಿಗಳಿವೆ. ಅಂಥ ಗ್ರಂಥಿಯ ನಾಳ ಕಟ್ಟಿಕೊಂಡರೆ ಬೆವರು ಹೊರಬರಲಾರದೆ ಒಳಗೇ ನಿಂತು ಗುಳ್ಳೆಯಾಗುತ್ತದೆ. ಇದಕ್ಕೆ ಹಿಡ್ರೋಸಿಸ್ಟೋಮಾ ಎಂದು ಹೆಸರು. ಸೆಕೆಗೆ ಉಬ್ಬುತ್ತದೆ, ಚಳಿಗೆ ಕುಗ್ಗುತ್ತದೆ. ಟಾರ್ಚ್ ಹಿಡಿದು ನೋಡಿದೆ. ಬೆಳಕು ಗುಳ್ಳೆಯ ಮೂಲಕ ಸಲೀಸಾಗಿ ಹಾದುಹೋಯಿತು. ಒಳಗೆ ಬರೀ ನೀರು.

“ಕ್ಯಾನ್ಸರ್ರಾ ಮೇಡಂ? ನಮ್ಮವ್ವಂಗೂ ಎದೆ ಮೇಲೆ ಹಿಂಗೇ ಕಾಳಷ್ಟೇ ಇದ್ದಿದ್ದು,” ಎಂದು ಕೇಳಿದಳು.

“ಅಲ್ಲಮ್ಮ. ಬೆವರಿನ ಗುಳ್ಳೆ ಇದು. ತೆಗೆದ ಮೇಲೆ ಲ್ಯಾಬಿಗೂ ಕಳಿಸ್ತೀನಿ, ನಿನಗೂ ಸಮಾಧಾನ ಆಗಲಿ.”

ಬೇರೆಯವರಿಗಾದರೆ ಇದನ್ನು ಹಾಗೇ ಬಿಡು ಎನ್ನುತ್ತಿದ್ದೆ. ಆದರೆ ಇವಳ ಗುಳ್ಳೆ ಮೇಲ್ರೆಪ್ಪೆಯ ಅಂಚಿನಲ್ಲೇ ಕೂತಿತ್ತು. ಸಂಜೆಯ ಹೊತ್ತಿಗೆ ಅದು ದಪ್ಪವಾಗಿ ಕಣ್ಣಪಾಪೆಯ ಮೇಲೆ ಜೋಲುತ್ತಿತ್ತು. ಇದ್ದ ಒಂದೇ ಕಣ್ಣಿನ ಮುಂದೆ ಬಾಗಿಲು ಅರ್ಧ ಎಳೆದ ಹಾಗೆ. ಎಳೆ ಕಾಣುತ್ತಿಲ್ಲ, ಕೈಗೆ ಬಿಸಿನೀರು ತಾಗುತ್ತಿದೆ ಎಂದು ಮಗಳು ಪವಿತ್ರ ಹೇಳಿದಳು. ಅವಳು ಏರ್‌ಪೋರ್ಟಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುವ ಚುರುಕು ಹುಡುಗಿ.

ಮಾಡುವ ಕ್ರಮವನ್ನು ವಿವರಿಸಿದೆ. ರೆಪ್ಪೆಗೆ ಒಂದು ಸಣ್ಣ ಇಂಜೆಕ್ಷನ್. ಗುಳ್ಳೆಯನ್ನು ಚೀಲ ಸಮೇತ ಬಿಡಿಸಿ ತೆಗೆಯುವುದು. ಮುಲಾಮು ಹಾಕಿ ಪಟ್ಟಿ ಕಟ್ಟುವುದು. ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿ ಮನೆಗೆ. ಚುಚ್ಚಿ ನೀರು ತೆಗೆದರೆ ಸಾಲದು, ಚೀಲ ಒಳಗಿದ್ದರೆ ಮತ್ತೆ ತುಂಬಿಕೊಳ್ಳುತ್ತದೆ ಎಂದೂ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು.

“ಭಯ ಏನಮ್ಮ, ಇಂಜೆಕ್ಷನ್ನಾ?” ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದಳು. “ಇರುವೆ ಕಚ್ಚಿದ ಹಾಗೆ ಇರ್ತದೆ, ಅಷ್ಟೆ,” ಎಂದೆ. “ಆಯ್ತು, ಬರ್ತೀನಿ ಮೇಡಂ,” ಎಂದು ಎದ್ದಳು. ಪವಿತ್ರ ನನ್ನ ಫೋನ್ ನಂಬರ್ ಬರೆದುಕೊಂಡಳು. ಹೇಳಿದ ದಿನ ಮುನಿರತ್ನಮ್ಮ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಪವಿತ್ರಳಿಗೆ ಫೋನ್ ಮಾಡಿಸಿದರೆ, “ಅಮ್ಮ ಯುಗಾದಿ ಕಳೀಲಿ ಅಂತಿದಾರೆ ಮೇಡಂ,” ಎಂದಳಂತೆ. ಯುಗಾದಿಯೂ ಕಳೆಯಿತು.

ಯುಗಾದಿ ಆದಮೇಲಿನ ಅಮಾವಾಸ್ಯೆ. ಮುನಿರತ್ನಮ್ಮನ ಫಿಲೇಚರ್‌ಗೆ ಅವತ್ತು ರಜೆ. ನಾನು ಓಪಿಡಿಯಲ್ಲಿ ಒಬ್ಬ ಅಜ್ಜನಿಗೆ ಕನ್ನಡಕದ ಗಾಜು ಹಾಕಿ ಅಕ್ಷರ ಓದಿಸುತ್ತಿದ್ದೆ. ಫೋನ್ ಬಂತು. ಆಟೋದ ಸದ್ದಿನ ನಡುವೆ ಒಂದು ಹೆಣ್ಣುದನಿ ಚೀರುತ್ತಿತ್ತು, ಇನ್ನೊಂದು ಮಾತಾಡುತ್ತಿತ್ತು.

“ಮೇಡಂ, ಪವಿತ್ರ ಮಾತಾಡ್ತಿರೋದು. ಅಮ್ಮನ ಕಣ್ಣಿಗೆ ಸುಣ್ಣ ಇಳಿದ್ಬಿಟ್ಟಿದೆ. ಕರ್ಕೊಂಡು ಬರ್ತಿದೀವಿ ಮೇಡಂ, ಅರ್ಧ ಗಂಟೇಲಿ ಬಂದ್ಬಿಡ್ತೀವಿ!”

“ಯಾವ ಕಣ್ಣು?” ಎಂದು ಕೇಳಿದೆ. ಎಂಥ ಪ್ರಶ್ನೆ! ಅವಳಿಗೆ ಇದ್ದದ್ದೇ ಒಂದು.

ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ನರಹುಲಿ ಸುಡುವ ಒಂದು ಪದ್ಧತಿ ಇದೆ. ಎಲೆಅಡಿಕೆಯ ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ, ಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ ಇಡುತ್ತಾರೆ. ನರಹುಲಿ ಸುಟ್ಟು ಕರಕಲಾಗಿ ಉದುರುತ್ತದೆ. ಅಮಾವಾಸ್ಯೆಯ ದಿನ ಮಾಡಿದರೆ ಮತ್ತೆ ಚಿಗುರುವುದಿಲ್ಲ ಎಂಬ ನಂಬಿಕೆ. ಕೆಲವು ಫಿಲೇಚರ್‌ಗಳಲ್ಲಿ ಗೂಡು ಬೇಯಿಸುವ ನೀರಿಗೂ ಸೋಡಾ ಹಾಕುವುದರಿಂದ ಅದು ಕೈಗೆ ಸಿಗುವ ವಸ್ತು. ಮುನಿರತ್ನಮ್ಮನ ಪಕ್ಕದ ಬೇಸಿನ್‌ನಲ್ಲಿ ಕೆಲಸ ಮಾಡುವ ಗಂಗಮ್ಮ ಎಂಬ ಹಿರಿಯಳು ಊರಲ್ಲಿ ಎಷ್ಟೋ ಜನರ ಕತ್ತು, ಕೈ, ಕಾಲಿನ ನರಹುಲಿ ಉದುರಿಸಿದವಳು. “ಡಾಕ್ಟ್ರು ಕೊಯ್ತಾರೆ, ನಾನು ಚುಕ್ಕೆ ಇಡ್ತೀನಿ. ಕಣ್ಣು ಗಟ್ಟಿಯಾಗಿ ಮುಚ್ಕೊಂಡಿರು, ಅಷ್ಟೇ ಕಣೆ,” ಎಂದಳಂತೆ. ಇವಳು ಮುಚ್ಚಿಕೊಂಡಳು. ಉರಿ ತಡೆಯಲಾರದೆ ನೀರು ಬಂತು. ನೀರಿನ ಜೊತೆ ಸುಣ್ಣ ಒಳಗೆ ಇಳಿಯಿತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡರು ಅನ್ನುವುದು ಇದಕ್ಕೇ.

ಕಣ್ಣಿಗೆ ಆಮ್ಲ ಬಿದ್ದರೆ ಸಾಮಾನ್ಯವಾಗಿ ಅದು ಬಿದ್ದ ಜಾಗವನ್ನು ಸುಟ್ಟು ಅಲ್ಲೇ ನಿಲ್ಲುತ್ತದೆ. ಕ್ಷಾರ ಹಾಗಲ್ಲ. ಸುಣ್ಣ, ಸೋಡಾ ಎಲ್ಲ ಕ್ಷಾರವೇ. ಅದು ತೊಳೆದು ತೆಗೆಯುವವರೆಗೂ ಒಳಗೊಳಗೇ ಇಳಿಯುತ್ತಾ ಹೋಗುತ್ತದೆ. ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರ, ಬೆಳ್ಳಗಾಗಿ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಆಸ್ಪತ್ರೆಗೆ ಬರುತ್ತೇವೆ ಎಂದರೆ ಅರ್ಧ ಗಂಟೆ ಆ ಕಣ್ಣು ಬೇಯುತ್ತಿರುತ್ತದೆ ಎಂದೇ ಅರ್ಥ.

“ಆಟೋ ನಿಲ್ಸು!” ಎಂದು ಕಿರುಚಿದೆ. “ನೀರು ಹಾಕಿದ್ರಾ?”

“ಇಲ್ಲ ಮೇಡಂ, ಗಂಗಮ್ಮತ್ತೆ ಹರಳೆಣ್ಣೆ ಬಿಟ್ರು.”

“ಹರಳೆಣ್ಣೆ ಬಿಟ್ಟೋರ ಮನೆ ಹಾಳಾಗ! ಎಲ್ಲಿದೀರಾ ಈಗ? ಹತ್ರ ಎಲ್ಲಾದ್ರೂ ನೀರು ಇದೆಯಾ ನೋಡು. ನಲ್ಲಿ, ಬೋರು, ಹೋಟ್ಲು, ಏನಾದ್ರೂ!”

ಆಟೋದವನ ದನಿ ಕೇಳಿಸಿತು: “ಫಿಲ್ಟರ್ ನೀರಿನ ಘಟಕ ಐತಲ್ಲಮ್ಮ, ಅಲ್ಲೇ ಹಾಕ್ತೀನಿ ಗಾಡಿ!” ನಮ್ಮ ಹಳ್ಳಿಗಳಲ್ಲಿ ರಸ್ತೆ ಬದಿಗೆ ಇರುತ್ತದಲ್ಲ, ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕ, ಅದು.

“ಅಮ್ಮನ ತಲೆಯನ್ನ ಪೈಪಿನ ಕೆಳಗೆ ಹಿಡಿ. ರೆಪ್ಪೆ ಎರಡೂ ಬೆರಳಲ್ಲಿ ಅಗಲಿಸಿ ಹಿಡ್ಕೋ. ಅಳಲಿ, ಒದೀಲಿ, ಬಿಡಬೇಡ. ನೀರು ನಿಲ್ಲಬಾರದು.”

“ಒದ್ದಾಡ್ತಿದಾರೆ ಮೇಡಂ, ನಂಗಾಗ್ತಿಲ್ಲ...”

“ಆಗುತ್ತೆ. ನೀನೇ ಮಾಡ್ಬೇಕು. ಹಿಡಿ!”

ನಾನು ಮಾಡಬಹುದಾದದ್ದು ಅಷ್ಟೇ. ಫೋನ್ ಕಿವಿಗೆ ಒತ್ತಿಕೊಂಡು ನಿಂತೆ. ನೀರು ಬೀಳುವ ಸದ್ದು, ಮುನಿರತ್ನಮ್ಮನ ಕೂಗು, ನೀರು ನಿಂತಾಗ “ನಾಣ್ಯ ಹಾಕ್ರೋ, ನಾಣ್ಯ!” ಎಂದು ಯಾರೋ ಅರಚಿದ್ದು, ಮತ್ತೆ ನೀರು. ಕಣ್ಣಿನ ವೈದ್ಯೆಯಾಗಿ ಅಷ್ಟು ವರ್ಷ ಕೆಲಸ ಮಾಡಿದವಳಿಗೆ ಏನೂ ಕಾಣದೆ ಬರೀ ಕೇಳಿಸಿಕೊಂಡು ನಿಲ್ಲಬೇಕಾದ ಪರಿಸ್ಥಿತಿ. ಎದುರಿಗಿದ್ದ ಅಜ್ಜ ಪರೀಕ್ಷೆಯ ಕನ್ನಡಕ ಹಾಕಿಕೊಂಡೇ, “ದೇವ್ರು ದೊಡ್ಡೋನು, ಕೂತ್ಕೋ ತಾಯಿ,” ಎಂದು ನನಗೇ ಕುರ್ಚಿ ತೋರಿಸಿದ.

ಅವಳನ್ನು ಕರೆತಂದಾಗ ಮೈಯೆಲ್ಲ ಒದ್ದೆ. ನಾನು ರೆಪ್ಪೆಯನ್ನು ಮಗುಚಿ ನೋಡಿದೆ. ಒಳಮೂಲೆಯಲ್ಲಿ ಸುಣ್ಣದ ಸಣ್ಣ ಬಿಳಿ ಚೂರುಗಳು ಅಂಟಿಕೊಂಡಿದ್ದವು. ಹತ್ತಿಯ ಕಡ್ಡಿಯಿಂದ ಒಂದೊಂದನ್ನೇ ಒರೆಸಿ ತೆಗೆದೆ. ಆಮೇಲೆ ಡ್ರಿಪ್ ಬಾಟಲಿಯ ಕೊಳವೆಯಿಂದ ಕಣ್ಣಿಗೆ ನೀರು ಹರಿಸುತ್ತಾ ಕೂತೆ. ಲಿಟ್ಮಸ್ ಕಾಗದ ಮುಟ್ಟಿಸಿದರೆ ಇನ್ನೂ ನೀಲಿಗೆ ತಿರುಗುತ್ತಿತ್ತು, ಅಂದರೆ ಕ್ಷಾರ ಇನ್ನೂ ಇದೆ. ಮತ್ತೆ ಬಾಟಲಿ, ಮತ್ತೆ ಕಾಗದ. ಕೊನೆಗೊಮ್ಮೆ ಕಾಗದದ ಬಣ್ಣ ಬದಲಾಗಲಿಲ್ಲ.

ಕಣ್ಣಿಗೆ ಫ್ಲೋರೆಸಿನ್ ಎಂಬ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಕಾರ್ನಿಯಾದ ಗಾಯ ಹಸಿರಾಗಿ ಹೊಳೆಯುತ್ತದೆ. ಅವಳ ಕಾರ್ನಿಯಾದ ಕೆಳಗಿನ ಭಾಗವೆಲ್ಲ ಹಸಿರಾಗಿತ್ತು. ಹಸಿರು ಕಣ್ಣಪಾಪೆಯ ಹೊಸ್ತಿಲವರೆಗೆ ಬಂದು ನಿಂತಿತ್ತು. ಆ ಪದರವನ್ನು ಮತ್ತೆ ಬೆಳೆಸುವ ಜೀವಕೋಶಗಳು ಅದರ ಅಂಚಿನಲ್ಲಿರುತ್ತವೆ. ಅವು ಪೂರ್ತಿ ಸುಟ್ಟಿರಲಿಲ್ಲ, ಅದೊಂದೇ ಆಸೆ. ಬೆಂಗಳೂರಿನಲ್ಲಿರುವ ನನ್ನ ಗೆಳತಿ, ಕಾರ್ನಿಯಾ ತಜ್ಞೆ, ಫೋಟೋ ನೋಡಿ, “ನೀನೇ ಶುರು ಮಾಡು. ಹಸಿರು ದಿನದಿನಕ್ಕೆ ಕಡಿಮೆ ಆಗ್ಬೇಕು. ಆಗದಿದ್ರೆ ತಕ್ಷಣ ಕಳಿಸು,” ಎಂದಳು.

ಅವತ್ತೇ ಅಲ್ಲಿ ಇನ್ನೊಂದು ನಡೆಯಿತು. ಮುಲಾಮು ಹಾಕಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿರಲಿ ಎಂದು ನಮ್ಮ ಸಿಸ್ಟರ್ ಹತ್ತಿಯ ಪ್ಯಾಡ್, ಪ್ಲಾಸ್ಟರ್ ತಂದರು. ಸುಣ್ಣದ ಉರಿಯನ್ನು ಹಲ್ಲುಕಚ್ಚಿ ತಡೆದುಕೊಂಡು ಮಲಗಿದ್ದ ಮುನಿರತ್ನಮ್ಮ ದಡಬಡ ಎದ್ದು ಸಿಸ್ಟರ್ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಳು.

“ಕಟ್ಬೇಡಿ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ, ಕಟ್ಬೇಡಿ. ಏನ್ ಬೇಕಾದ್ರೂ ಮಾಡಿ, ಪಟ್ಟಿ ಮಾತ್ರ ಬ್ಯಾಡ!”

“ಯಾಕಮ್ಮ?” ಎಂದೆ. ಆಗ ನನಗೆ ಬೈಯಲು ಬಾಯೇ ಬರಲಿಲ್ಲ.

ಅವಳು ನಿಧಾನವಾಗಿ ಹೇಳಿದಳು. ಚಿಕ್ಕವಳಿದ್ದಾಗ ಚಿನ್ನಿದಾಂಡು ಆಡುವ ಹುಡುಗರ ಹತ್ತಿರ ನಿಂತಿದ್ದಳಂತೆ. ಚಿನ್ನಿ ಬಂದು ಎಡಗಣ್ಣಿಗೆ ಬಡಿಯಿತು. ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. “ಪಟ್ಟಿ ಬಿಚ್ಚಿದ್ರೆ ಎಲ್ಲಾ ಮೊದ್ಲಿನಂಗೇ ಕಾಣ್ತದೆ ಮಗಾ ಅಂತ ನಮ್ಮಪ್ಪ ಹೇಳ್ತಿತ್ತು. ಮೊದ್ಲು ಈ ಕಡೇದು ಬಿಚ್ಚಿದ್ರು, ಕಾಣ್ತು. ಆಮೇಲೆ ಆ ಕಡೇದು ಬಿಚ್ಚಾಯ್ತು ಅಂದ್ರು. ಬಿಚ್ಚಿಲ್ಲ ಬಿಚ್ಚಿಲ್ಲ ಅಂತ ನಾನು ಅತ್ತೆ. ಇನ್ನೂ ಪಟ್ಟಿ ಐತೆ ಅಂದ್ಕೊಂಡೇ ಇದ್ದೆ ಮೇಡಂ. ಕೈಯಲ್ಲಿ ಮುಟ್ಟಿ ನೋಡ್ದಾಗ್ಲೇ ಗೊತ್ತಾಗಿದ್ದು.”

ಪವಿತ್ರ ಬಾಯಿಗೆ ವೇಲು ಒತ್ತಿಕೊಂಡು ಅತ್ತಳು. ಮಗಳಿಗೂ ಅದುವರೆಗೆ ಗೊತ್ತಿರಲಿಲ್ಲ. ಅವ್ವನ ಕ್ಯಾನ್ಸರಿನ ಭಯವೂ ನಿಜವೇ, ಇಂಜೆಕ್ಷನ್ನಿನ ಭಯವೂ ಇದ್ದಿರಬಹುದು. ಆದರೆ ಅವಳನ್ನು ನಮ್ಮ ಆಸ್ಪತ್ರೆಯಿಂದ ಓಡಿಸಿ ಸುಣ್ಣದ ಕಡ್ಡಿಯ ಮುಂದೆ ಕೂರಿಸಿದ್ದು ‘ಪಟ್ಟಿ ಕಟ್ಟಿ ಮಾರನೆಯ ಬೆಳಿಗ್ಗೆ ಬಿಚ್ಚುವುದು’ ಎಂಬ ಮಾತು. ಗಂಗಮ್ಮನ ಚಿಕಿತ್ಸೆಯಲ್ಲಿ ಪಟ್ಟಿ ಇರಲಿಲ್ಲ.

ಪ್ಯಾಡನ್ನು ವಾಪಸ್ ಕಳಿಸಿದೆ. ಈ ಗಾಯಕ್ಕೆ ಪಟ್ಟಿ ಕಟ್ಟಲೇಬೇಕೆಂಬ ನಿಯಮವೇನೂ ಇಲ್ಲ. ಹನಿ ಹೆಚ್ಚು ಸಲ ಹಾಕಬೇಕು, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು, ಅಷ್ಟೆ. ವಾರ್ಡಿನಲ್ಲೇ ಉಳಿಸಿಕೊಂಡೆವು. ಬೆಳಿಗ್ಗೆ ಬಸ್ಸಿಳಿದವಳು ಕೊಡೆಯನ್ನೂ ಇಡದೆ ನೇರವಾಗಿ ಅವಳ ಹಾಸಿಗೆಗೆ ಹೋಗುತ್ತಿದ್ದೆ. ನೀಲಿ ಬೆಳಕು ಹಾಕುವ ಮುಂಚೆ ಒಂದು ಗಳಿಗೆ ನನಗೇ ಧೈರ್ಯ ಸಾಲುತ್ತಿರಲಿಲ್ಲ. ಎರಡನೆಯ ದಿನ ಹಸಿರು ಹಾಗೇ ಇತ್ತು. ಅವತ್ತು ಮನೆಯಲ್ಲಿ ಅನ್ನ ಸೇರಲಿಲ್ಲ. ಮೂರನೆಯ ದಿನ ಅಂಚು ಒಂದಿಷ್ಟು ಒಳಸರಿದಂತೆ ಕಂಡಿತು. ನನ್ನ ಆಸೆಗೆ ಹಾಗೆ ಕಾಣುತ್ತಿದೆಯೇನೋ ಎಂದು ಗೆಳತಿಗೆ ಫೋಟೋ ಕಳಿಸಿದೆ. “ಕಡಿಮೆ ಆಗ್ತಿದೆ ಕಣೆ, ಉಸಿರಾಡು,” ಎಂದಳು.

ಆ ದಿನಗಳಲ್ಲಿ ಗಂಗಮ್ಮ ವಾರ್ಡಿನ ಹೊರಗಿನ ಕಟ್ಟೆಯ ಮೇಲೆ ಬಂದು ಕೂತಿರುತ್ತಿದ್ದಳು. ಒಳಗೆ ಬರಲು ಧೈರ್ಯವಿಲ್ಲ, ಮನೆಗೆ ಹೋಗಲು ಮನಸ್ಸಿಲ್ಲ. ಒಂದು ದಿನ ನನ್ನನ್ನು ತಡೆದು, “ನನ್ ಒಂದು ಕಣ್ಣು ತೆಗೆದು ಅವ್ಳಿಗೆ ಹಾಕ್ಬಿಡಿ ಮೇಡಂ. ಮುದುಕಿಗೆ ಒಂದು ಸಾಕು,” ಎಂದಳು.

“ಬದುಕಿರೋರ ಕಣ್ಣು ತೆಗೆಯೋಕೆ ನಾನೇನು ರಾಕ್ಷಸೀನಾ? ಸುಣ್ಣದ ಡಬ್ಬಿ ಎಸೆದ್ಯೋ ಇಲ್ವೋ ಅದನ್ನ ಹೇಳು!” ಎಂದು ಗದರಿದೆ. ಅವಳು ಗೊಳೋ ಎಂದು ಅತ್ತಳು. ಗದರಿದ್ದಕ್ಕಲ್ಲ, ಯಾರೂ ಅದುವರೆಗೆ ಅವಳನ್ನು ಗದರಿಯೂ ಇರಲಿಲ್ಲ ಎಂಬುದಕ್ಕೆ ಎಂದು ನನಗನಿಸಿತು. ಮುನಿರತ್ನಮ್ಮನೂ ಅವಳ ಮೇಲೆ ಒಂದು ಮಾತು ಆಡಿರಲಿಲ್ಲ.

ಹಸಿರು ಪೂರ್ತಿ ಹೋಯಿತು. ಕೆಳಗಡೆ ಮಂಜಿನಂಥ ತೆಳು ಕಲೆ ಉಳಿಯಿತು, ಕಣ್ಣಪಾಪೆಗೆ ಅಡ್ಡ ಬರಲಿಲ್ಲ. ಚಾರ್ಟಿನಲ್ಲಿ ಮೊದಲಿಗಿಂತ ಒಂದು ಸಾಲು ಕಡಿಮೆ ಓದಿದಳು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಆದರೆ ಗುಳ್ಳೆ? ಅದು ಸುಟ್ಟು ಒಡೆದಿತ್ತು, ಚೀಲ ಒಳಗೇ ಇತ್ತು. ಅವಳು ಮತ್ತೆ ಬೇಸಿನ್ ಮುಂದೆ ಕೂತ ಮೇಲೆ ಸುಟ್ಟ ಚರ್ಮದ ಪಕ್ಕದಲ್ಲೇ ಮೊದಲಿಗಿಂತ ದಪ್ಪವಾಗಿ ಎದ್ದಿತು. ಈಗ ತೆಗೆಯಲೇಬೇಕು. ಈ ಸಲ ಹೆದರಿದವಳು ನಾನು. ಸುಟ್ಟ ಚರ್ಮ ಸರಿಯಾಗಿ ಕೂಡದೆ ರೆಪ್ಪೆ ಮೇಲಕ್ಕೆ ಎಳೆದುಕೊಂಡರೆ ಕಣ್ಣು ಮುಚ್ಚುವುದಿಲ್ಲ. ಮುಚ್ಚದ ಕಣ್ಣು ಒಣಗಿ ಹುಣ್ಣಾಗುತ್ತದೆ. ಕಾರ್ನಿಯಾ ಈಗಷ್ಟೇ ಬದುಕಿ ಬಂದದ್ದು. ಬೆಂಗಳೂರಿಗೆ ಕಳಿಸುತ್ತೇನೆ ಎಂದೆ. “ಅಲ್ಲಿ ಪಟ್ಟಿ ಕಟ್ಬಿಟ್ರೆ?” ಎಂದಳು. ಗೆಳತಿಯನ್ನು ಕೇಳಿದರೆ, “ಅವಳು ನಿನ್ನ ಮುಂದೆ ಮಾತ್ರ ಕಣ್ಣು ಬಿಡ್ತಾಳೆ. ನೀನೇ ಮಾಡು, ನಾನು ಬಂದು ಪಕ್ಕದಲ್ಲಿ ನಿಲ್ತೀನಿ,” ಎಂದಳು. ಹೇಳಿದಂತೆ ಬಂದಳು.

ಮೊದಲ ಮಳೆ ಬಿದ್ದ ವಾರ. ಥಿಯೇಟರಿಗೆ ಬರುವ ಮುನ್ನ ಮುನಿರತ್ನಮ್ಮನಿಗೆ ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಪಟ್ಟಿ ಇಲ್ಲ. ಆಪರೇಷನ್ ಪೂರ್ತಿ ನಿನಗೆ ಬೆಳಕು ಕಾಣುತ್ತಿರುತ್ತದೆ. ಕಾಣದೆ ಹೋದರೆ ಆ ಕ್ಷಣವೇ ಹೇಳು, ನಾನು ಕೈ ತೆಗೆಯುತ್ತೇನೆ. ಸಾಮಾನ್ಯವಾಗಿ ಇಂಥ ಕಡೆ ಕಾರ್ನಿಯಾ ಕಾಪಾಡಲು ಕಣ್ಣಿನೊಳಗೆ ಒಂದು ಮುಚ್ಚಳ ಇಡುತ್ತೇವೆ. ಅದು ಬೆಳಕನ್ನು ತಡೆಯುತ್ತದೆ. ಅದರ ಬದಲು ಗೆಳತಿ ತಂದಿದ್ದ ಪಾರದರ್ಶಕ ಕಾಂಟ್ಯಾಕ್ಟ್ ಲೆನ್ಸ್ ಇಟ್ಟೆವು.

ಇಂಜೆಕ್ಷನ್‌ಗೆ ಅವಳು ಮಿಸುಕಲಿಲ್ಲ. ನಾನು ಕತ್ತರಿ ಹಿಡಿದೆ. ಅಷ್ಟು ಸಾವಿರ ಕಣ್ಣು ಮುಟ್ಟಿದ ಕೈ, ಒಂದು ಗುಳ್ಳೆಯ ಮುಂದೆ ಬೆವರುತ್ತಿತ್ತು. “ಬೆಳಕು ಕಾಣ್ತಿದೆಯಾ?” ಎಂದು ಕೇಳಿದೆ. “ಕಾಣ್ತೈತೆ.” ಚೀಲದ ಗೋಡೆ ಕಾಗದದಷ್ಟು ತೆಳು, ಸುಟ್ಟ ಚರ್ಮಕ್ಕೆ ಅಂಟಿಕೊಂಡಿತ್ತು. ಒಂದು ಕೂದಲಷ್ಟು ಬಿಡಿಸುವುದು, ಮತ್ತೆ ಕೇಳುವುದು. “ಈಗ?” “ಕಾಣ್ತೈತೆ ಮೇಡಂ.” ನಡುವೆ ರಕ್ತ ಬಂದು ಕಣ್ಣಿಗೆ ಹರಿಯಿತು. “ಕೆಂಪಗಾಯ್ತು,” ಎಂದಳು. ಗೆಳತಿ ಬೇಗ ಒರೆಸಿದಳು. ಮೂವರೂ ಕಾದೆವು. “ಹಾಂ... ಕಾಣ್ತೈತೆ.” ಚೀಲ ಪೂರ್ತಿ ಕೈಗೆ ಬಂತು. ಲ್ಯಾಬಿನ ಡಬ್ಬಿಗೆ ಹಾಕಿದೆ. ಬೆವರಿನ ಗ್ರಂಥಿಯ ಗುಳ್ಳೆಯೇ, ಬೇರೇನೂ ಅಲ್ಲ ಎಂದು ಆಮೇಲೆ ವರದಿ ಬಂತು. ರೆಪ್ಪೆಯೂ ಸರಿಯಾಗಿ ಕೂಡಿಕೊಂಡಿತು.

ಈಗ ನಿವೃತ್ತಳಾಗಿ ಊರಿನಲ್ಲೇ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಕೂರುತ್ತೇನೆ. ಬೈಯುವುದೇನೂ ಬಿಟ್ಟಿಲ್ಲ. ಆದರೆ ಆ ಕೇಸ್ ನನಗೆ ಕಲಿಸಿದ್ದು ಇಷ್ಟು: ಹೆದರಿದವರು ಮೊದಲು ಹೇಳುವ ಭಯ ಹೇಳಿಕೊಳ್ಳಲು ಸುಲಭವಾದದ್ದು. ನಿಜವಾದದ್ದು ಅದರ ಹಿಂದೆ ಅವಿತಿರುತ್ತದೆ, ಕೆಲವೊಮ್ಮೆ ಅವರ ಮಕ್ಕಳಿಗೂ ಗೊತ್ತಿರುವುದಿಲ್ಲ. ನಾವು ಮೊದಲನೆಯದಕ್ಕೆ ಉತ್ತರ ಕೊಟ್ಟರೆ ಅವರು ತಲೆಯಾಡಿಸಿ ಎದ್ದು ಹೋಗುತ್ತಾರೆ, ಎರಡನೆಯದನ್ನು ಹೊತ್ತುಕೊಂಡು ಸುಣ್ಣ ಇಡುವವರ ಮುಂದೆ ಕೂರುತ್ತಾರೆ. ಅದಕ್ಕೇ ನಾನೀಗ ಎರಡು ಸಲ ಕೇಳುತ್ತೇನೆ.

ಅವತ್ತು ಥಿಯೇಟರಿನಲ್ಲಿ ಲೆನ್ಸ್ ತೆಗೆದು, ಮುಲಾಮು ಹಚ್ಚಿ, ಮುಖದ ಮೇಲಿನ ಬಟ್ಟೆ ಸರಿಸಿದಾಗ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಮಾಸ್ಕ್ ಇಳಿಸಿದೆ.

“ಆಯ್ತಮ್ಮ, ಏಳು,” ಎಂದೆ.

“ಆಗೋಯ್ತಾ ಮೇಡಂ?” ಎಂದಳು. ನಂಬಿಕೆ ಬರಲಿಲ್ಲ ಅವಳಿಗೆ. ಸುತ್ತ ಒಂದು ಸಲ ನೋಡಿದಳು. “ಕತ್ಲೆ ಆಗ್ಲೇ ಇಲ್ವಲ್ಲ!”